ಪತ್ರೊಡೆ ಬೇಯುವಾಗ 'ಪರ್ವ' ಓದಬಾರದು ಅಲ್ವಾ?

ಸಾಗರದ ಸೊಸೆ: ಮೂರು ದಿನದಿಂದ ಮಳೆ, ಕರೆಂಟಿಲ್ಲ. ಕೆಸುವಿನ ಎಲೆಯ ಪತ್ರೊಡೆ ಬೇಯಲು ಮುಕ್ಕಾಲು ಗಂಟೆ ಬೇಕಲ್ಲ ಅಂತ ಒಲೆ ಮುಂದೆ ಕೂತು ಭೈರಪ್ಪನವರ 'ಪರ್ವ' ಕಾದಂಬರಿ ಹಿಡಿದೆ. ಅಜ್ಜಿ ಹೇಳುತ್ತಿದ್ದ ಮಹಾಭಾರತದ ಪವಾಡ ಇದರಲ್ಲಿ ಒಂದೂ ಇಲ್ಲ, ಎಲ್ಲರೂ ನಮ್ಮ ಹಾಗೇ ಬೆವರುತ್ತಾರೆ, ಮುನಿಸಿಕೊಳ್ಳುತ್ತಾರೆ. ಇಡ್ಲಿ ಪಾತ್ರೆಯ ನೀರು ಬತ್ತಿದ್ದು ತಿಳಿದಿದ್ದು ಸೀದ ವಾಸನೆ ಬಂದಾಗ! ಹೀಗೆ ಕಥೆ ಬದಲಿಸುವುದು ನಿಮಗೆ ಇಷ್ಟವಾ?

ತೋಟದ ಮನೆ: ನನಗೆ ಕುವೆಂಪು ಅವರ 'ಶ್ರೀರಾಮಾಯಣ ದರ್ಶನಂ' ಹತ್ತಿರ. 1949ರದ್ದು. ಭಾಷೆ ಕಷ್ಟ, ಮೊದಮೊದಲು ಹತ್ತು ಸಾಲಿಗೇ ಸುಸ್ತು. ಆದರೆ ಅಲ್ಲಿ ಮಂಥರೆ ಕೆಟ್ಟವಳಲ್ಲ, ಭರತನ ಮೇಲಿನ ಮಮತೆ ಅವಳಿಂದ ಹಾಗೆ ಮಾಡಿಸುತ್ತದೆ. ಕೊನೆಗೆ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಇದನ್ನು ಓದಿ ಹೇಳಿದಾಗ ಅಮ್ಮ ಸೌಟು ಹಿಡಿದು ಹಾಗೇ ನಿಂತುಬಿಟ್ಟರು, ತಂಬುಳಿಗೆ ಒಗ್ಗರಣೆ ಹಾಕುವುದೇ ಮರೆತರು.

ಹೊಸನಗರದ ಹುಡುಗ: 'ಪರ್ವ' ಅರ್ಧಕ್ಕೇ ಬಿಟ್ಟೆ, ಯುದ್ಧದ ಭಾಗ ಓದಿದರೆ ಊಟ ಸೇರುವುದಿಲ್ಲ. ಅದಿರಲಿ, ಪತ್ರೊಡೆಯ ಎಲೆ ಮರದ ಮೇಲೆ ಬೆಳೆಯುವ ಮರಗೆಸವಾ? ಹುಣಸೆಹುಳಿ ಜಾಸ್ತಿ ಹಾಕಿದ್ರಾ? ಇಲ್ಲಾಂದ್ರೆ ಗಂಟಲು ತುರಿಸುತ್ತೆ.

ಸಾಗರದ ಸೊಸೆ: ಮರಗೆಸವೇ, ಹುಳಿ ಹಾಕಿದ್ದೆ. ಮೇಲಿನ ಸುರುಳಿಗಳು ಬಚಾವ್. ಅತ್ತೆ "ಏನೋ ಹೊಗೆ ವಾಸನೆ" ಅಂದರು. ಸೌದೆ ಹಸಿ ಇತ್ತು ಅಂದೆ.