ಭಾರದ ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕುವುದು ಹೇಗೆ? ಎತ್ತಿ ಎತ್ತಿ ಸೊಂಟ ಹಿಡಿದಿದೆ

ಸಪ್ತಾಪುರದ ಅಕ್ಕೋರು:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಸಪ್ತಾಪುರದವಳು. ಅಳ್ನಾವರ ರಸ್ತೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೇನೆ. ನನ್ನ ತಮ್ಮ ಪುಣೆಗೆ ನೌಕರಿಗೆ ಹೋಗುವಾಗ ತನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಗಾಡಿಯನ್ನು ಮನೆಯಲ್ಲೇ ಬಿಟ್ಟುಹೋದ. ಕಳೆದ ದೀಪಾವಳಿಯಿಂದ ಅದನ್ನು ನಾನೇ ಓಡಿಸುತ್ತಿದ್ದೇನೆ. ಓಡಿಸುವುದರಲ್ಲಿ ನನಗೆ ಯಾವ ತೊಂದರೆಯೂ ಇಲ್ಲ. ಗಾಲಿ ಉರುಳತೊಡಗಿದ ಮೇಲೆ ಅದರ ಭಾರ ಗೊತ್ತೇ ಆಗುವುದಿಲ್ಲ. ತೊಂದರೆ ಇರುವುದು ಡಬಲ್ ಸ್ಟ್ಯಾಂಡ್ ಹಾಕುವುದರಲ್ಲಿ.

ಇದಕ್ಕೆ ಮುಂಚೆ ನಾನು ಓಡಿಸುತ್ತಿದ್ದುದು ಸ್ಪ್ಲೆಂಡರ್. ಅದು 112 ಕಿಲೋ ಆಸುಪಾಸಿನ ಗಾಡಿಯಾದ್ದರಿಂದ ಒಂದೇ ಜಗ್ಗಿಗೆ ಸ್ಟ್ಯಾಂಡ್ ಏರುತ್ತಿತ್ತು. ಕ್ಲಾಸಿಕ್ 195 ಕಿಲೋ ಇದೆ, ನಾನು 54 ಕಿಲೋ ಇದ್ದೇನೆ. ಎರಡೂ ಕೈಯಿಂದ ಹಿಡಿದು ಉಸಿರು ಬಿಗಿಹಿಡಿದು ಎತ್ತಿದರೆ ಗಾಡಿ ಅರ್ಧ ಏರಿದಂತೆ ಮಾಡಿ ಮತ್ತೆ ಕೆಳಗೆ ಕೂರುತ್ತದೆ. ಕಳೆದ ತಿಂಗಳು ಹೀಗೇ ಎತ್ತುತ್ತಿದ್ದಾಗ ಗಾಡಿ ನನ್ನ ಕೈತಪ್ಪಿ ಆಚೆಯ ಮಗ್ಗುಲಿಗೆ, ತುಳಸಿಕಟ್ಟೆಯ ಮೇಲೆ ವಾಲಿತು. ಬ್ರೇಕ್ ಲಿವರ್ ಬಾಗಿತು, ಕಟ್ಟೆಯ ಮೂಲೆಯ ಗಿಲಾವೂ ಕಿತ್ತುಬಂತು. ರಿಪೇರಿಗೆ ಒಯ್ದಾಗ ಗ್ಯಾರೇಜಿನವರು, "ಮನೆಯಲ್ಲಿ ಗಂಡಸರಿಲ್ಲವೇನ್ರೀ?" ಎಂದು ನಕ್ಕರೇ ಹೊರತು ಉಪಾಯ ಹೇಳಲಿಲ್ಲ.

ಸೈಡ್ ಸ್ಟ್ಯಾಂಡ್ ಇದೆಯಲ್ಲ ಎನ್ನಬಹುದು. ಆದರೆ ಚೈನ್ ಒರೆಸಿ ಎಣ್ಣೆ ಹಚ್ಚಬೇಕಾದರೆ ಹಿಂದಿನ ಗಾಲಿ ನೆಲ ಬಿಟ್ಟಿರಬೇಕು; ಎಂಜಿನ್ ಆಯಿಲ್ ಎಷ್ಟಿದೆಯೆಂದು ಗಾಜಿನ ಕಿಂಡಿಯಲ್ಲಿ ನೋಡಬೇಕಾದರೂ ಗಾಡಿ ನೆಟ್ಟಗೆ ನಿಂತಿರಬೇಕು. ಪ್ರತಿ ಸಲ ಪಕ್ಕದ ಮನೆಯ ಹುಡುಗನನ್ನು ಕರೆಯಲು ಸಂಕೋಚವಾಗುತ್ತದೆ. ನನ್ನ ಮೈಕಟ್ಟಿನವರಿಗೆ ಇದು ಆಗುವ ಕೆಲಸವೇ, ಅಲ್ಲವೇ ಎಂಬುದನ್ನು ದಯವಿಟ್ಟು ತಿಳಿದವರು ಹೇಳಬೇಕು.

ಗೋಕುಲ ರಸ್ತೆಯ ಪಾನಾ:

ಅಕ್ಕೋರೆ, ಖಂಡಿತ ಆಗುವ ಕೆಲಸ. ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಾಡಿ ರಿಪೇರಿ ಮಾಡುತ್ತಿದ್ದೇನೆ. ನನ್ನ ಬಳಿ ಕೆಲಸ ಕಲಿಯಲು ಬರುವ ಹುಡುಗರು ಬಹಳಷ್ಟು ಮಂದಿ ಐವತ್ತು ಕಿಲೋ ಮುಟ್ಟಿರುವುದಿಲ್ಲ, ಆದರೂ ದಿನಕ್ಕೆ ಹತ್ತು ಬುಲೆಟ್‌ಗಳಿಗೆ ಸ್ಟ್ಯಾಂಡ್ ಹಾಕುತ್ತಾರೆ. ನಿಮ್ಮ ಪತ್ರದಲ್ಲಿ "ಎತ್ತಿದರೆ" ಎಂಬ ಮಾತು ಇದೆಯಲ್ಲ, ತಪ್ಪು ಇರುವುದು ಅಲ್ಲೇ. ಡಬಲ್ ಸ್ಟ್ಯಾಂಡ್ ಹಾಕುವುದೆಂದರೆ ಗಾಡಿಯನ್ನು ಎತ್ತುವುದಲ್ಲ, ಸ್ಟ್ಯಾಂಡನ್ನು ತುಳಿಯುವುದು.

ಮೊದಲು ಗಾಡಿ ನ್ಯೂಟ್ರಲ್‌ನಲ್ಲಿರಲಿ, ಏಕೆಂದರೆ ಸ್ಟ್ಯಾಂಡ್ ಏರುವಾಗ ಗಾಡಿ ಹಿಂದಕ್ಕೆ ಸರಿಯಬೇಕು. ಗೇರಿನಲ್ಲಿದ್ದರೆ ಹಿಂದಿನ ಗಾಲಿ ಉರುಳುವುದಿಲ್ಲ, ಮುಂದಿನ ಬ್ರೇಕ್ ಹಿಡಿದಿದ್ದರೂ ಅದೇ ಗತಿ. ಸೈಡ್ ಸ್ಟ್ಯಾಂಡನ್ನು ತೆರೆದೇ ಇಡಿ. ಗಾಡಿ ನಿಮ್ಮ ಕಡೆಗೆ ವಾಲಿದರೆ ಅದು ಹಿಡಿದುಕೊಳ್ಳುತ್ತದೆ. ಎಡಮಗ್ಗುಲಿಗೆ ನಿಂತು ಎಡಗೈಯಿಂದ ಹ್ಯಾಂಡಲ್‌ನ ಎಡ ಹಿಡಿಕೆಯನ್ನೂ ಬಲಗೈಯಿಂದ ಸೀಟಿನ ಹಿಂದಿನ ಕಬ್ಬಿಣದ ಹಿಡಿಕೆಯನ್ನೂ ಹಿಡಿಯಿರಿ. ಹ್ಯಾಂಡಲ್ ನೆಟ್ಟಗಿರಲಿ. ಸೀಟಿನ ಅಂಚನ್ನೋ ಮಡ್‌ಗಾರ್ಡನ್ನೋ ಹಿಡಿದು ಜಗ್ಗಬೇಡಿ.

ಈಗ ಬಲಗಾಲಿನಿಂದ ಸ್ಟ್ಯಾಂಡನ್ನು ನೆಲಕ್ಕೆ ತಾಗುವವರೆಗೆ ಇಳಿಸಿ, ಗಾಡಿಯನ್ನು ಸೈಡ್ ಸ್ಟ್ಯಾಂಡಿನಿಂದ ನೆಟ್ಟಗೆ ತನ್ನಿ. ಅವಸರ ಮಾಡದೆ ಅತ್ತಿತ್ತ ಕೂದಲೆಳೆಯಷ್ಟು ಅಲುಗಿಸಿದರೆ ಸ್ಟ್ಯಾಂಡಿನ ಎರಡೂ ಪಾದಗಳು ನೆಲಕ್ಕೆ ಕೂತದ್ದು ನಿಮ್ಮ ಅಂಗಾಲಿಗೇ ತಿಳಿಯುತ್ತದೆ: ಒಂದೇ ಪಾದ ತಾಗಿದ್ದರೆ "ಟಕ್" ಎಂದು ಒಂದು ಸಲ ಬಡಿಯುತ್ತದೆ, ಎರಡೂ ತಾಗಿದರೆ ಅಲುಗಾಟವೇ ನಿಲ್ಲುತ್ತದೆ. ನೂರರಲ್ಲಿ ತೊಂಬತ್ತು ಜನ ಇದನ್ನು ನೋಡಿಕೊಳ್ಳದೆಯೇ ಜಗ್ಗುತ್ತಾರೆ. ಒಂದೇ ಪಾದದ ಮೇಲೆ ಭಾರ ಬಿದ್ದಾಗ ಗಾಡಿ ತಿರುಚಿಕೊಂಡು ಆಚೆಗೆ ಹೋಗುತ್ತದೆ. ನಿಮ್ಮ ತುಳಸಿಕಟ್ಟೆಗೆ ಆದದ್ದು ಇದೇ ಎಂದು ನನ್ನ ಅಂದಾಜು.

ಎರಡೂ ಪಾದ ಕೂತ ಮೇಲೆ, ಸ್ಟ್ಯಾಂಡಿಗಿರುವ ಕಾಲಿಡುವ ಕಂಬಿಯ ಮೇಲೆ ಬಲ ಅಂಗಾಲಿನ ನಡುಭಾಗವನ್ನಿಟ್ಟು, ಎತ್ತರದ ಮೆಟ್ಟಿಲು ಹತ್ತುವವರಂತೆ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಲ್ಲಿ. ಎಡಗಾಲು ನೆಲ ಬಿಡುವಂತಾಗಬೇಕು. ಬೆನ್ನು ನೆಟ್ಟಗಿರಲಿ, ಮೊಣಕಾಲು ನೀಳವಾಗಲಿ. ಬಲಗೈ ಗಾಡಿಗೆ ಹಿಂದಕ್ಕೆ ಹೋಗುವ ದಾರಿ ತೋರಿಸಿದರೆ ಸಾಕು. ಗಾಡಿ ತಾನಾಗಿ ಹಿಂದೆ ಸರಿದು ಮೇಲೇರುತ್ತದೆ.

ಕಾಲಿಗೆ ಏನು ಹಾಕಿಕೊಳ್ಳುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ಚಪ್ಪಲಿಯಾದರೆ ಕಂಬಿ ಅಂಗಾಲಿಗೆ ಒತ್ತುತ್ತದೆ, ನೋವಿಗೆ ಹೆದರಿದ ಕಾಲು ತನಗೆ ಗೊತ್ತಿಲ್ಲದೆಯೇ ಭಾರ ಹಾಕುವುದನ್ನು ಬಿಡುತ್ತದೆ, ಆಗ ಕೈ ಎತ್ತಲು ಹೋಗುತ್ತದೆ. ಗಟ್ಟಿ ಅಟ್ಟೆಯ ಬೂಟು ಹಾಕಿಕೊಂಡು ನೋಡಿ.

ಹಾವೇರಿ ಹಿರಿಯ ಸವಾರ:

ತಂಗಿ, ನನಗೆ ಅರವತ್ತೊಂದು ವರ್ಷ. ಎರಡು ಸಲ ಬೆನ್ನಿನ ತೊಂದರೆಯಿಂದ ಹಾಸಿಗೆ ಹಿಡಿದವನು. ಈ ಸರ್ಕಸ್ಸನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಸೈಡ್ ಸ್ಟ್ಯಾಂಡಿಗೇ ನಿಲ್ಲಿಸುತ್ತೇನೆ, ಚೈನ್ ಕೆಲಸವನ್ನು ಗ್ಯಾರೇಜಿನಲ್ಲಿ ಮಾಡಿಸುತ್ತೇನೆ. ಕೆಟಿಎಂ ಡ್ಯೂಕ್‌ನಂಥ ಗಾಡಿಗಳಿಗೆ ಡಬಲ್ ಸ್ಟ್ಯಾಂಡೇ ಇರುವುದಿಲ್ಲ, ಅವುಗಳ ಚೈನಿಗೂ ಎಣ್ಣೆ ಬೀಳುತ್ತಲೇ ಇದೆ. ಮನೆಯಲ್ಲೇ ಮಾಡಬೇಕೆಂದರೆ ಹಿಂದಿನ ಗಾಲಿಯನ್ನು ಎತ್ತಿಹಿಡಿಯುವ ಪ್ಯಾಡಕ್ ಸ್ಟ್ಯಾಂಡ್ ಕೊಂಡುಕೊಳ್ಳಿ.

ನವನಗರದ ಲೆಕ್ಕದ ಮಾಸ್ತರ:

ಹಿರಿಯರ ಮಾತನ್ನು ಗೌರವದಿಂದಲೇ ಒಪ್ಪದಿರುತ್ತೇನೆ. ಬೆನ್ನುನೋವು ಇರುವವರಿಗೆ ಅವರು ಹೇಳಿದ್ದೇ ಸರಿ. ಆದರೆ ಪ್ಯಾಡಕ್ ಸ್ಟ್ಯಾಂಡ್ ಹಾಕುವಾಗ ಗಾಡಿಯನ್ನು ಒಂದು ಕೈಯಲ್ಲಿ ನೆಟ್ಟಗೆ ಹಿಡಿದು ಇನ್ನೊಂದು ಕೈಯಲ್ಲಿ ಸ್ಟ್ಯಾಂಡನ್ನು ಒತ್ತಬೇಕಾಗುತ್ತದೆ. ಒಬ್ಬರೇ ಇದ್ದಾಗ, ಅದೂ ಹೊಸಬರಿಗೆ, ಅದು ಡಬಲ್ ಸ್ಟ್ಯಾಂಡಿಗಿಂತ ಹೆಚ್ಚು ಅಪಾಯದ ಕೆಲಸ. ಮೇಲಾಗಿ ದುರ್ಗದಬೈಲಿನಂಥ ಇಕ್ಕಟ್ಟಿನ ಪೇಟೆಯಲ್ಲಿ ಸೈಡ್ ಸ್ಟ್ಯಾಂಡಿಗೆ ವಾಲಿಸಿದ ಗಾಡಿ ಒಂದೂವರೆ ಗಾಡಿಯ ಜಾಗ ತಿನ್ನುತ್ತದೆ.

ಅಕ್ಕೋರೆ, 54 ಕಿಲೋ ಸಾಕೇ ಎಂಬುದಕ್ಕೆ ಒಂದು ಅಂದಾಜು ಲೆಕ್ಕ ಹಾಕೋಣ. ಸ್ಟ್ಯಾಂಡ್ ಹಾಕಿದಾಗ ಮುಂದಿನ ಗಾಲಿ ನೆಲದ ಮೇಲೇ ಇರುತ್ತದೆ, ಹಿಂಭಾಗವಷ್ಟೇ ಏರುತ್ತದೆ; ಹಾಗಾಗಿ ಗಾಡಿಯ ಭಾರಕೇಂದ್ರ ಏರುವುದು ತೀರ ಸ್ವಲ್ಪ. ಎರಡು ಸೆಂಟಿಮೀಟರ್ ಎಂದೇ ಇಟ್ಟುಕೊಳ್ಳಿ. 195ನ್ನು 2ರಿಂದ ಗುಣಿಸಿದರೆ 390. ಅದನ್ನು ನಿಮ್ಮ 54ರಿಂದ ಭಾಗಿಸಿದರೆ ಏಳಕ್ಕಿಂತ ತುಸು ಹೆಚ್ಚು. ಎಂದರೆ ಕಂಬಿಯ ಮೇಲೆ ಪೂರ್ತಿ ಭಾರ ಹಾಕಿ ನಿಂತ ನೀವು ಏಳೆಂಟು ಸೆಂಟಿಮೀಟರ್ ಕೆಳಗಿಳಿದರೆ ಲೆಕ್ಕ ಚುಕ್ತಾ ಆಗುತ್ತದೆ, ಕಂಬಿ ಅಷ್ಟು ಇಳಿಯುತ್ತದೆ ಕೂಡ. ತಿಕ್ಕಾಟಕ್ಕೆಂದು ಕೈ ಸ್ವಲ್ಪ ಸಹಾಯ ಮಾಡಬೇಕು, ಅಷ್ಟೇ. ಆದರೆ ಅರ್ಧ ಭಾರ ನೆಲದ ಮೇಲಿನ ಎಡಗಾಲಿನಲ್ಲೇ ಉಳಿದರೆ ಲೆಕ್ಕದಲ್ಲಿ 54 ಹೋಗಿ 27 ಆಗುತ್ತದೆ. ಗಾಡಿ ಅರ್ಧ ಏರಿ ವಾಪಸು ಕೂರುವುದಕ್ಕೆ ಕಾರಣ ಇದು.

ಇನ್ನು ಎರಡು ಪ್ರಶ್ನೆಗಳು. ಮನೆಯಲ್ಲಿ ಗಾಡಿ ನಿಲ್ಲಿಸುವ ಜಾಗ ಸಮತಟ್ಟಾಗಿದೆಯೇ, ಇಲ್ಲದಿದ್ದರೆ ಗಾಡಿಯ ಮೂತಿ ಯಾವ ಕಡೆಗಿರುತ್ತದೆ? ಹಿಂದಿನ ಗಾಲಿಯ ಹವಾ ಎಂದು ನೋಡಿಸಿದ್ದೀರಿ?

ಸಪ್ತಾಪುರದ ಅಕ್ಕೋರು:

ಮಾಸ್ತರರೇ, ಈ ಪ್ರಶ್ನೆಗಳು ಬರಬಹುದೆಂದು ನಾನು ಎಣಿಸಿಯೇ ಇರಲಿಲ್ಲ. ಗಾಡಿ ನಿಲ್ಲುವುದು ಗೇಟಿನ ಒಳಗಿನ ಫರಸಿಯ ಮೇಲೆ. ಮಳೆಯ ನೀರು ಹರಿದುಹೋಗಲೆಂದು ಅದನ್ನು ರಸ್ತೆಯ ಕಡೆಗೆ ಇಳಿಜಾರು ಮಾಡಿದ್ದಾರೆ. ಬೆಳಿಗ್ಗೆ ಏಳೂವರೆಗೇ ಹೊರಡಬೇಕಾದ್ದರಿಂದ ಮೂತಿಯನ್ನು ಗೇಟಿನ ಕಡೆಗೆ, ಅಂದರೆ ಇಳಿಜಾರಿನ ಕಡೆಗೆ ಮಾಡಿ ನಿಲ್ಲಿಸುತ್ತೇನೆ. ಹವಾ ನೋಡಿಸಿದ್ದು ಯುಗಾದಿಯ ಹೊತ್ತಿಗೆ ಇರಬೇಕು. ಕಾಲಿಗೆ ಚಪ್ಪಲಿಯೇ, ಶಾಲೆಗೆ ಅದನ್ನೇ ಹಾಕಿಕೊಂಡು ಹೋಗುವುದು.

ಬೆಟಗೇರಿಯ ಚಕ್ಕಡಿ:

ಹಾಗಾದರೆ ನೀವು ಇಷ್ಟು ದಿನ ಗಾಡಿಯನ್ನು ದಿಬ್ಬ ಹತ್ತಿಸುತ್ತಿದ್ದಿರಿ, ಅಕ್ಕೋರೆ! ಸ್ಟ್ಯಾಂಡ್ ಏರುವಾಗ ಗಾಡಿ ಹಿಂದಕ್ಕೆ ಸರಿಯಬೇಕು, ನಿಮ್ಮಲ್ಲಿ ಹಿಂದೆ ಏರು ಇದೆ. ಕಷ್ಟಪಟ್ಟು ಏರಿಸಿದರೂ ಅದು ಕ್ಷೇಮವಲ್ಲ. ಮೂತಿ ಕೆಳಗಿರುವ ಗಾಡಿಯನ್ನು ಯಾರಾದರೂ ಹಿಂದಿನಿಂದ ತಾಗಿದರೆ ಸ್ಟ್ಯಾಂಡ್ ಮಡಚಿಕೊಂಡು ಮುಂದಕ್ಕೆ ಓಡಿಬಿಡುತ್ತದೆ. ಮೂತಿಯನ್ನು ಏರಿನ ಕಡೆಗೆ, ಮನೆಯ ಬಾಗಿಲ ಕಡೆಗೆ ತಿರುಗಿಸಿ. ಆಗ ಇಳಿಜಾರೇ ನಿಮ್ಮ ಕೆಲಸ ಮಾಡಿಕೊಡುತ್ತದೆ. ಎಡಬಲಕ್ಕೆ ಓರೆಯಿರುವ ನೆಲದಲ್ಲಿ ಮಾತ್ರ ಡಬಲ್ ಸ್ಟ್ಯಾಂಡಿನ ಗೊಡವೆಗೇ ಹೋಗಬೇಡಿ.

ಹವಾದ ಮಾತೂ ಸಣ್ಣದಲ್ಲ. ಗಾಲಿಯಲ್ಲಿ ಹವಾ ಕಡಿಮೆಯಾದಷ್ಟೂ ಗಾಡಿ ಕೆಳಗೆ ಕೂತಿರುತ್ತದೆ, ಕೂತಷ್ಟೂ ಹೆಚ್ಚು ಎತ್ತರಕ್ಕೆ ಏರಿಸಬೇಕಾಗುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ತೀರ ಮೆತ್ತಗಿನ ಹಂತದಲ್ಲಿದ್ದರೂ ಹೀಗೇ ಆಗುತ್ತದೆ. ಕ್ಲಾಸಿಕ್‌ನಲ್ಲಿ ಆರು ಹಂತಗಳಿವೆ, ಪಾನಾ ಹಾಕಿ ಒಂದು ಹಂತ ಏರಿಸಿ ನೋಡಬಹುದು. ಸ್ಟ್ಯಾಂಡ್ ತಿರುಗುವ ಕೀಲಿಗೆ ಗ್ರೀಸ್ ಹಾಕಿಸಿ. ಒಣಗಿದ ಕೀಲು ನಿಮ್ಮ ಮೈಭಾರದಲ್ಲಿ ತನ್ನ ಪಾಲು ಕೇಳುತ್ತದೆ.

ನಮ್ಮ ತಂದೆ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವಾಗ ಗಾಲಿಯನ್ನು ಎಂದೂ ಕೈಯಿಂದ ಎತ್ತಿದವರಲ್ಲ. ಒಂದು ಕಲ್ಲು ಇಟ್ಟು, ಅದರ ಮೇಲೆ ತೊಲೆಯನ್ನು ಅಚ್ಚಿನ ಕೆಳಗೆ ತೂರಿಸಿ, ಇನ್ನೊಂದು ತುದಿಯ ಮೇಲೆ ನನ್ನನ್ನು ಕೂರಿಸುತ್ತಿದ್ದರು. ಎಂಟು ವರ್ಷದ ಹುಡುಗನ ಭಾರಕ್ಕೆ ಚಕ್ಕಡಿಯ ಒಂದು ಮಗ್ಗುಲು ಏಳುತ್ತಿತ್ತು. ಕಂಬಿಯ ಮೇಲೆ ಕಾಲಿಟ್ಟಾಗಲೆಲ್ಲ ನನಗೆ ಆ ತೊಲೆ ನೆನಪಾಗುತ್ತದೆ.

ಇಷ್ಟಾದರೂ ಏರದಿದ್ದರೆ ಹಲಗೆಯ ಉಪಾಯವಿದೆ. ಮುಕ್ಕಾಲು ಇಂಚು ದಪ್ಪದ, ಒಂದೂವರೆ ಅಡಿ ಉದ್ದದ ಹಲಗೆಯನ್ನು ಹಿಂದಿನ ಗಾಲಿಯ ಕೆಳಗೆ ಮಾತ್ರ ಬರುವಂತೆ ಇಟ್ಟು ಗಾಡಿಯನ್ನು ಅದರ ಮೇಲೆ ಹತ್ತಿಸಿಕೊಳ್ಳಿ. ಸ್ಟ್ಯಾಂಡಿನ ಪಾದಗಳು ನೆಲದ ಮೇಲೇ ಇರಬೇಕು. ಏರಬೇಕಾದ ಎತ್ತರದಲ್ಲಿ ಮುಕ್ಕಾಲು ಇಂಚು ಹಲಗೆಯೇ ಏರಿಸಿಕೊಟ್ಟಂತಾಯಿತು. ಗಾಡಿ ಹಿಂದಕ್ಕೆ ಸರಿಯುವುದರಿಂದ ಗಾಲಿಯ ಹಿಂದೆ ಗೇಣುದ್ದವಾದರೂ ಹಲಗೆ ಉಳಿದಿರಲಿ. ಇದಕ್ಕಿಂತ ದಪ್ಪ ಹಲಗೆ ಬೇಡ. ನಮ್ಮ ಗದಗಿನ ಕಡೆ ಎರೆಮಣ್ಣಿನ ಮೇಲೆ ನಿಲ್ಲಿಸುವಾಗ ಸ್ಟ್ಯಾಂಡಿನ ಪಾದಗಳ ಕೆಳಗೆ ಚಪ್ಪಟೆ ಕಲ್ಲು ಇಡುತ್ತೇವೆ, ಇಲ್ಲದಿದ್ದರೆ ಮಳೆ ಬಂದ ರಾತ್ರಿ ಸ್ಟ್ಯಾಂಡ್ ಹೂತು ಗಾಡಿ ಮಲಗಿರುತ್ತದೆ. ಫರಸಿಯ ಮೇಲೆ ನಿಮಗೆ ಆ ಚಿಂತೆಯಿಲ್ಲ. ಒದ್ದೆಯಿದ್ದರೆ ಮಾತ್ರ ಒರೆಸಿಕೊಳ್ಳಿ.

ಸಪ್ತಾಪುರದ ಅಕ್ಕೋರು:

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಎಲ್ಲವನ್ನೂ ಒಂದೊಂದಾಗಿ ಮಾಡಿದೆ. ಹಿಂದಿನ ಗಾಲಿಯಲ್ಲಿ ಹವಾ 18 ಮಾತ್ರ ಇತ್ತು, ಕೈಪಿಡಿಯಲ್ಲಿರುವಷ್ಟು ತುಂಬಿಸಿದೆ. ಕೀಲಿಗೆ ಗ್ರೀಸ್ ಹಾಕಿಸಿದೆ. ತಮ್ಮನ ಹಳೆಯ ಬೂಟಿನ ಮುಂಭಾಗಕ್ಕೆ ಬಟ್ಟೆ ತುರುಕಿ ಹಾಕಿಕೊಂಡೆ. ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿದೆ.

ಮೊದಲ ಸಲ ಆಗಲಿಲ್ಲ. ಎಡಗಾಲು ನೆಲ ಬಿಡಲು ಒಪ್ಪಲೇ ಇಲ್ಲ, ಗಾಡಿ ಮತ್ತೆ ಆಚೆಗೆ ಬೀಳುತ್ತದೆಂಬ ಹೆದರಿಕೆ. ಬಲಮಗ್ಗುಲಿಗೆ ನಮ್ಮ ಅವ್ವನನ್ನು ನಿಲ್ಲಿಸಿಕೊಂಡೆ. ಅವರು ಗಾಡಿಯನ್ನು ಮುಟ್ಟಲೂ ಇಲ್ಲ, ಅಲ್ಲಿದ್ದಾರೆಂಬ ಧೈರ್ಯವೇ ಸಾಕಾಯಿತು. "ಟಕ್" ಎಂಬ ಸದ್ದು ನಿಂತ ಮೇಲೆ ಕಂಬಿಯ ಮೇಲೆ ಪೂರ್ತಿ ನಿಂತುಬಿಟ್ಟೆ. ಗಾಡಿ ಯಾರೋ ಹಿಂದಿನಿಂದ ಜಗ್ಗಿದಂತೆ ಮೇಲೇರಿತು. ಹಲಗೆ ಬೇಕಾಗಲಿಲ್ಲ. ಆಮೇಲೆ ಸುಮ್ಮನೆ ನಾಲ್ಕು ಸಲ ಹಾಕಿ ಇಳಿಸಿದೆ, ಸೊಂಟಕ್ಕೆ ಏನೂ ಅನ್ನಿಸಲಿಲ್ಲ.

ಇಳಿಸುವಾಗ ಮಾತ್ರ ಗಾಡಿ ಧಡಕ್ಕನೆ ಮುಂದೆ ನುಗ್ಗುತ್ತದೆ. ಇದಕ್ಕೇನಾದರೂ ಕ್ರಮವಿದೆಯೇ?

ಗೋಕುಲ ರಸ್ತೆಯ ಪಾನಾ:

ಇದೆ. ಮೊದಲು ಸೈಡ್ ಸ್ಟ್ಯಾಂಡನ್ನು ಪೂರ್ತಿ ತೆರೆಯಿರಿ. ಎಡಮಗ್ಗುಲಿಗೇ ನಿಂತು, ಗಾಡಿಯನ್ನು ಸೊಂಟಕ್ಕೆ ಒರಗಿಸಿಕೊಂಡಂತೆ ಇಟ್ಟುಕೊಂಡು, ಹ್ಯಾಂಡಲ್‌ನ ಎರಡೂ ಹಿಡಿಕೆಗಳಿಂದ ಮೆಲ್ಲಗೆ ಮುಂದಕ್ಕೆ ನೂಕಿ. ಬಲಗೈಯ ಎರಡು ಬೆರಳು ಮುಂದಿನ ಬ್ರೇಕಿನ ಮೇಲಿರಲಿ, ಆದರೆ ಒತ್ತಬೇಡಿ; ಹಿಂದಿನ ಗಾಲಿ ನೆಲ ಮುಟ್ಟಿದೊಡನೆ ಒತ್ತಿ, ನಿಮ್ಮ ಕಡೆಗೆ ತುಸು ವಾಲಿಸಿದರೆ ಸೈಡ್ ಸ್ಟ್ಯಾಂಡ್ ಹಿಡಿದುಕೊಳ್ಳುತ್ತದೆ. ನಿಮ್ಮಲ್ಲಿ ಈಗ ಮುಂದೆ ಏರಿರುವುದರಿಂದ ಮೊದಲಿನಷ್ಟು ನುಗ್ಗುವುದೂ ಇಲ್ಲ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಚೈನ್ ಒರೆಸುವಾಗ ಗಾಲಿಯನ್ನು ಕೈಯಿಂದಲೇ ತಿರುಗಿಸಿ. ಕೆಲಸ ಬೇಗ ಆಗಲೆಂದು ಎಂಜಿನ್ ಶುರು ಮಾಡಿ ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರಿದ್ದಾರೆ. ಬಟ್ಟೆಯ ಜೊತೆಗೆ ಬೆರಳೂ ಒಳಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸೀರೆಯ ಸೆರಗು, ದುಪಟ್ಟಾ ಕಟ್ಟಿಕೊಂಡೇ ಕೂತುಕೊಳ್ಳಿ.