ಆಫೀಸ್ ಐಪಿ ಫೋನ್ ಪ್ರಶ್ನೆ ಇದ್ರೆ ಇಲ್ಲೇ ಕೇಳಿ

ಡಯಲ್‌ಟೋನ್: ಆಫೀಸಿಗೆ ಇಂಟರ್ನೆಟ್ ಫೋನ್ ಹಾಕ್ಸೋರು, ಹಾಕ್ಸಿ ಒದ್ದಾಡ್ತಿರೋರು ಇಲ್ಲೇ ಕೇಳಿ. ನಾನು ದಿನಾ ಮಾಡೋ ಕೆಲ್ಸಾನೇ ಇದು, ಸಂಜೆ ಸೈಟಿಂದ ಬಂದ್ಮೇಲೆ ಉತ್ತರ ಕೊಡ್ತೀನಿ. ಒಂದೇ ರಿಕ್ವೆಸ್ಟು, "ಫೋನ್ ವರ್ಕ್ ಆಗ್ತಿಲ್ಲ" ಅಂತಷ್ಟೇ ಬರೀಬೇಡಿ, ಸ್ಕ್ರೀನ್ ಮೇಲೆ ಏನ್ ಕಾಣ್ತಿದೆ ಅದನ್ನ ಬರೀರಿ.

ಹೊಸಬ: ಮೇಡಂ ಫೋನ್ ವರ್ಕ್ ಆಗ್ತಿಲ್ಲ

ಡಯಲ್‌ಟೋನ್: ಸ್ಕ್ರೀನ್?

ಹೊಸಬ: ಸ್ಕ್ರೀನೇ ಬರ್ತಿಲ್ಲ. ನೆಟ್ ಕೇಬಲ್ ಹಾಕಿದೀನಿ, ಬಾಕ್ಸಲ್ಲಿ ಅಡಾಪ್ಟರ್ ಬಂದಿಲ್ಲ.

ಡಯಲ್‌ಟೋನ್: ಹಾಗಾದ್ರೆ ಕೇಬಲಿಂದಲೇ ಕರೆಂಟ್ ತಗೊಳ್ಳೋ ಫೋನು. ಕೇಬಲ್ ಲ್ಯಾನ್ ಪೋರ್ಟಲ್ಲೇ ಇದೆ ತಾನೆ, ಪಿಸಿ ಪೋರ್ಟಿಗೆ ಹಾಕಿದ್ರೆ ಕರೆಂಟ್ ಹತ್ತಲ್ಲ. ಅದು ಸರಿ ಇದ್ರೆ ನಿಮ್ ನೆಟ್‌ವರ್ಕ್ ಸ್ವಿಚ್ಚು ಪಿಒಇ ಅಲ್ಲ, ಅಂದ್ರೆ ನೆಟ್ ಕೇಬಲಲ್ಲೇ ಕರೆಂಟ್ ಕಳ್ಸೋದಲ್ಲ. ಪಿಒಇ ಸ್ವಿಚ್ಚು, ಮಧ್ಯ ಸಿಗ್ಸಿ ಕೇಬಲಿಗೆ ಕರೆಂಟ್ ಸೇರ್ಸೋ ಇಂಜೆಕ್ಟರು, ಇಲ್ಲಾ ಆ ಮಾಡೆಲ್ಲಿಗೇ ಅಂತ ಇರೋ ಅಡಾಪ್ಟರು, ಮೂರರಲ್ಲಿ ಒಂದು ಬೇಕು. ಸ್ವಿಚ್ ತಗೊಳ್ಳೋವಾಗ ಒಟ್ಟು ವ್ಯಾಟ್ ಎಷ್ಟು ಅಂತ ನೋಡಿ. ಮಾಮೂಲಿ ಪಿಒಇ ಅಂದ್ರೆ ಒಂದು ಪೋರ್ಟಿಗೆ 15.4 ವ್ಯಾಟ್ ತನಕ, ಆದ್ರೆ ಎಲ್ಲಾ ಪೋರ್ಟಿಗೂ ಒಟ್ಟಿಗೆ ಅಷ್ಟು ಕೊಡೋ ತಾಕತ್ತು ಎಷ್ಟೋ ಸ್ವಿಚ್ಚಿಗೆ ಇರಲ್ಲ.

ಸುಮ್ನೆ ಓದೋನು: ಡಿಸ್ಪ್ಲೇಲಿ ನಮ್ ಕಂಪನಿ ಲೋಗೋ ಹಾಕ್ಬಹುದಾ ಮೇಡಂ

ಮೂಲೆ ಟೇಬಲ್: ಮೇಡಂ ನಮ್ದು 14 ಫೋನು, ಕಾಲ್ ಜೋಡ್ಸೋ ಎಕ್ಸ್‌ಚೇಂಜ್ ನಮ್ಮ ಆಫೀಸಲ್ಲಿ ಇಲ್ಲ, ಕ್ಲೌಡಲ್ಲಿದೆ. ರಿಸೆಪ್ಷನ್ ಫೋನಲ್ಲಿ ನಾವ್ ಮಾತಾಡಿದ್ದು ಅವ್ರಿಗೆ ಕೇಳ್ಸೋದು, ಅವ್ರದ್ದು ನಮಗೆ ಕೇಳ್ಸ್ತಿರ್ಲಿಲ್ಲ. ಒಂದು ಫಾರ್ವರ್ಡ್ ಮೆಸೇಜ್ ಬಂದಿತ್ತು, "ರೂಟರಲ್ಲಿ ಆ ಫೋನನ್ನ ಡಿಎಂಜೆಡ್‌ಗೆ ಹಾಕಿ, ಫೈರ್‌ವಾಲ್ ಆಫ್ ಮಾಡಿ, 100% ಪರಿಹಾರ" ಅಂತ. ಹಾಗೇ ಮಾಡ್ದೆ, ನಿಜವಾಗ್ಲೂ ಸರಿಹೋಯ್ತು. ಆದ್ರೆ ಈಗ ಒಂದು ವಾರದಿಂದ ರಾತ್ರಿ ಎರಡು ಮೂರು ಗಂಟೆಗೆ ಅದೇ ಫೋನ್ ರಿಂಗ್ ಆಗತ್ತೆ ಅಂತಾರೆ ವಾಚ್‌ಮನ್ನು. ಡಿಸ್ಪ್ಲೇಲಿ 1001 ಅಂತ ಬರತ್ತೆ, ಎತ್ತಿದ್ರೆ ಯಾರೂ ಇಲ್ಲ. 1001 ಅನ್ನೋ ಎಕ್ಸ್‌ಟೆನ್ಷನ್ನೇ ನಮ್ಮಲ್ಲಿಲ್ಲ. ಕಾಲ್ ಲಾಗಲ್ಲೂ ಏನೂ ಇಲ್ಲ. ಆಫೀಸಲ್ಲಿ ದೆವ್ವ ಅಂತ ತಮಾಷೆ ಶುರುವಾಗಿದೆ.

ಡಯಲ್‌ಟೋನ್: ತಮಾಷೆ ಅಲ್ಲ ಇದು. ಮೊದ್ಲು ಹೋಗಿ ಡಿಎಂಜೆಡ್ ಆಫ್ ಮಾಡಿ, ಫೈರ್‌ವಾಲ್ ಆನ್ ಮಾಡಿ, ಆಮೇಲೆ ಮುಂದಕ್ಕೆ ಓದಿ.

ಮಾಡಿದ್ರಾ? ಈಗ ಕೇಳಿ. ಇಂಟರ್ನೆಟ್ಟಲ್ಲಿ ದಿನದ 24 ಗಂಟೆ ಬಾಟ್‌ಗಳು, ಅಂದ್ರೆ ತಾನಾಗೇ ಓಡೋ ಪ್ರೋಗ್ರಾಮ್‌ಗಳು, ಒಂದೊಂದೇ ಅಡ್ರೆಸ್ಸಿನ 5060 ಪೋರ್ಟ್ ತಟ್ಕೊಂಡು ಹೋಗ್ತಿರ್ತಾವೆ, ಸಿಪ್ ಅಲ್ಲಿ, ಅಂದ್ರೆ ಇಂಟರ್ನೆಟ್ ಫೋನ್‌ಗಳು ಕಾಲ್ ಜೋಡ್ಸೋಕೆ ಬಳ್ಸೋ ಭಾಷೇಲಿ, ಮಾತಾಡೋದು ಯಾವ್ದಾದ್ರೂ ಇದೆಯಾ ಅಂತ. ಡಿಎಂಜೆಡ್ ಅಂದ್ರೆ ಹೊರಗಿಂದ ಬಂದಿದ್ದನ್ನೆಲ್ಲಾ ರೂಟರ್ ತಡೀದೆ ನೇರ ಆ ಫೋನಿಗೆ ಬಿಡೋದು, ನೀವು ಅಲ್ಲಿಗೆ ಹಾಕಿದ್ದು ಅಂದ್ರೆ ಫೋನನ್ನ ಎತ್ಕೊಂಡು ಹೋಗಿ ರೋಡಲ್ಲಿ ಇಟ್ಟಂಗೆ. ಬಾಟ್ ನೇರ ನಿಮ್ ಫೋನಿಗೆ ಕಾಲ್ ಕಳ್ಸತ್ತೆ, ಹೆಸರಿನ ಜಾಗದಲ್ಲಿ 100, 1001 ಅಂತ ಏನೋ ಒಂದು ಹಾಕತ್ತೆ, ಫೋನ್ ಪಾಪ ರಿಂಗ್ ಆಗತ್ತೆ. ಎಕ್ಸ್‌ಚೇಂಜ್ ಮೂಲಕ ಬಂದೇ ಇಲ್ವಲ್ಲ, ಲಾಗಲ್ಲಿ ಎಲ್ಲಿಂದ ಸಿಗ್ಬೇಕು.

ರಿಂಗ್ ಆಗೋದು ನನಗೆ ತಲೆನೋವಲ್ಲ. ಫೋನಿಗೆ ಒಂದು ವೆಬ್ ಪೇಜ್ ಇರತ್ತೆ ನೋಡಿ, ಅದೂ ಡಿಎಂಜೆಡ್ ಜೊತೆಗೇ ಹೊರಗೆ ತೆರ್ಕೊಂಡಿರತ್ತೆ. ಅದ್ರ ಲಾಗಿನ್ನು ಡಬ್ಬದಿಂದ ತೆಗೆದಾಗ ಇದ್ದ ಹಾಗೇ ಅಡ್ಮಿನ್ ಅಡ್ಮಿನ್ ಅಂತಿದ್ರೆ ಒಳಗೆ ಬಂದವ್ನು ನಿಮ್ ಸಿಪ್ ಅಕೌಂಟಿನ ವಿವರ ತಗೊಂಡು ಅವ್ನ ಹತ್ರ ರಿಜಿಸ್ಟರ್ ಮಾಡ್ಕೋತಾನೆ. ಆಮೇಲೆ ರಾತ್ರಿಯಿಡೀ ಹೊರದೇಶದ ದುಬಾರಿ ನಂಬರ್‌ಗಳಿಗೆ ಕಾಲ್ ಹೋಗ್ತಿರತ್ತೆ, ಬಿಲ್ ನಿಮ್ದು. ಶುಕ್ರವಾರ ರಾತ್ರಿ ಶುರುವಾಗಿದ್ದು ಸೋಮವಾರ ಬೆಳಿಗ್ಗೆ ಗೊತ್ತಾಗಿರೋ ಆಫೀಸನ್ನ ನಾನೇ ಕಣ್ಣಾರೆ ನೋಡಿದೀನಿ.

ಅದಕ್ಕೇ ಈಗಲೇ ಎಕ್ಸ್‌ಚೇಂಜ್ ಪ್ಯಾನೆಲಿಗೆ ಹೋಗಿ ಆ ಎಕ್ಸ್‌ಟೆನ್ಷನ್ ಯಾವ್ಯಾವ ಐಪಿಯಿಂದ ರಿಜಿಸ್ಟರ್ ಆಗಿದೆ ನೋಡಿ, ನಿಮ್ದಲ್ಲದ್ದು ಒಂದೇ ಒಂದು ಕಂಡ್ರೂ ಸರ್ವಿಸ್ ಕೊಡೋರಿಗೆ ಫೋನ್ ಮಾಡಿ. ಇಂಟರ್‌ನ್ಯಾಷನಲ್ ಕಾಲ್ ಬಂದ್ ಮಾಡ್ಸಿ. ಸಿಪ್ ಪಾಸ್‌ವರ್ಡ್, ಫೋನಿನ ವೆಬ್ ಪಾಸ್‌ವರ್ಡ್ ಎರಡೂ ಬದಲಾಯಿಸಿ. ಆ ರಿಸೆಪ್ಷನ್ ಫೋನನ್ನ ಫ್ಯಾಕ್ಟರಿ ರೀಸೆಟ್ ಮಾಡಿ ಫರ್ಮ್‌ವೇರ್ ಹೊಸದು ಹಾಕಿ. ಸೆಟ್ಟಿಂಗಲ್ಲಿ ಡೈರೆಕ್ಟ್ ಐಪಿ ಕಾಲ್ ಅಂತ ಇದ್ರೆ ಆಫ್.

ಇನ್ನು ಧ್ವನಿ ವಿಷ್ಯ. ಫೋನ್ ತನ್ನ ಅಡ್ರೆಸ್ ಅಂತ ಒಳಗಿನ 192.168 ನಂಬರನ್ನ ಬರ್ದು ಕಳ್ಸತ್ತೆ, ಅದು ಆಫೀಸಿನ ಗೋಡೆ ದಾಟಿದ್ರೆ ಯಾರಿಗೂ ಅರ್ಥ ಆಗಲ್ಲ. ಸಾಮಾನ್ಯವಾಗಿ ಕ್ಲೌಡಿನೋರು ನಿಮ್ ಕಡೆಯಿಂದ ಮೊದ್ಲನೇ ಪ್ಯಾಕೆಟ್ ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳ್ಸಿ ಸರಿ ಮಾಡ್ಕೋತಾರೆ, ಆದ್ರೆ ರೂಟರಲ್ಲಿ ಸಿಪ್ ಎಎಲ್‌ಜಿ ಅಂತ ಒಂದು ಇರತ್ತೆ, ಅದು ಸಹಾಯ ಮಾಡ್ತೀನಿ ಅಂತ ಮಧ್ಯ ಬಂದು ಅಡ್ರೆಸ್ ತಿದ್ದಿ ಗಬ್ಬೆಬ್ಬಿಸತ್ತೆ. ಅದನ್ನ ಆಫ್ ಮಾಡಿ ರೂಟರ್ ರೀಸ್ಟಾರ್ಟ್ ಮಾಡಿ. ಫೋನಲ್ಲಿ ಕೀಪ್ ಅಲೈವ್, ಅಂದ್ರೆ ದಾರಿ ಮುಚ್ಚದ ಹಾಗೆ ಆಗಾಗ ಕಳ್ಸೋ ಪುಟ್ಟ ಮೆಸೇಜು, 30 ಸೆಕೆಂಡಿಗೆ ಇಡಿ. ಯಾವ್ ಪೋರ್ಟನ್ನೂ ಹೊರಗೆ ತೆರೆಯೋ ಅಗತ್ಯ ಇಲ್ಲ.

ಆ ಮೆಸೇಜ್ ಕಳ್ಸಿದೋರಿಗೆ ಇದನ್ನೂ ಫಾರ್ವರ್ಡ್ ಮಾಡಿ.

ಆಫೀಸ್ ಹುಡ್ಗ: ಫೋನ್ ಆನ್ ಆಗ್ತಿಲ್ಲ, ಕೇಬಲ್ ಹಾಕಿದೀನಿ

ಡಯಲ್‌ಟೋನ್: ಮೇಲೆ ಬರ್ದಿದೀನಿ.

ಜೀರೋ ಡಯಲ್: ಒಳಗೆ ಬರೋ ಕಾಲ್ ಎಲ್ಲಾ ಅರ್ಧ ನಿಮಿಷಕ್ಕೆ ಕಟ್ ಆಗತ್ತೆ ಮೇಡಂ. ಗಡಿಯಾರ ಹಿಡ್ಕೊಂಡು ನೋಡ್ದೆ, ಪ್ರತಿ ಸಲ 32 ಸೆಕೆಂಡು.

ಡಯಲ್‌ಟೋನ್: ಗಡಿಯಾರ ಹಿಡಿದಿದ್ದಕ್ಕೆ ಥ್ಯಾಂಕ್ಸ್, ಹೀಗೆ ಕೇಳ್ಬೇಕು ಪ್ರಶ್ನೆ! ನೀವು ರಿಸೀವರ್ ಎತ್ತಿದ ತಕ್ಷಣ ಫೋನ್ "ಎತ್ತಿದೀನಿ" ಅಂತ 200 ಓಕೆ ಕಳ್ಸತ್ತೆ, ಆ ಕಡೆಯಿಂದ "ಗೊತ್ತಾಯ್ತು" ಅಂತ ಎಸಿಕೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಫೋನ್ ಮತ್ತೆ ಮತ್ತೆ ಕಳ್ಸಿ, ಅರ್ಧ ಸೆಕೆಂಡಿನ 64 ಪಟ್ಟು ಕಾದು, ಅಂದ್ರೆ 32 ಸೆಕೆಂಡ್ ಆದ್ಮೇಲೆ ಕೈಬಿಟ್ಟು ಕಟ್ ಮಾಡತ್ತೆ. ಎಸಿಕೆ ತಪ್ಪು ಅಡ್ರೆಸ್ಸಿಗೆ ಹೋಗ್ತಿದೆ. ಮೂಲೆ ಟೇಬಲ್ ಅವ್ರ ಕಾಯಿಲೇನೇ, ಎಎಲ್‌ಜಿ ಇಂದ ಶುರು ಮಾಡಿ. ಡಿಎಂಜೆಡ್ ಬೇಡ.

ಕ್ರಿಂಪಿಂಗ್ ಕಿಂಗ್: ಇದಕ್ಕೆಲ್ಲಾ ಮೂಲ ಫೋನ್ ಹಿಂದೆ ಕಂಪ್ಯೂಟರ್ ಸಿಗ್ಸೋದು. ಫೋನಿಗೊಂದು ಕೇಬಲ್, ಪಿಸಿಗೊಂದು ಕೇಬಲ್ ಎಳೀರಿ ಅಂತ ನಾನ್ ಬಡ್ಕೋತಾನೇ ಇದೀನಿ.

ನೆಟ್ ಗಣಪ: ಪಿಸಿ ಪೋರ್ಟ್ ಕೊಟ್ಟಿರೋದು ಯಾಕೆ ಗುರು, ಶೋಕಿಗಾ? ಒಂದೇ ಕೇಬಲನ್ನ ವಿಲ್ಯಾನ್ ಅಂತ ಎರಡು ಬೇರೆ ನೆಟ್‌ವರ್ಕಿನ ಥರ ಬಳ್ಸಿ, ವಾಯ್ಸ್ ಬೇರೆ, ಡೇಟಾ ಬೇರೆ, ಆರಾಮಾಗಿ ಹೋಗತ್ತೆ.

ಕ್ರಿಂಪಿಂಗ್ ಕಿಂಗ್: ಹೋಗತ್ತೆ ಹೋಗತ್ತೆ. 100 ಎಂಬಿ ಪೋರ್ಟಿನ ಫೋನ್ ತಂದು, ಗಿಗಾಬಿಟ್ ಪಿಸಿನ ಅದ್ರ ಹಿಂದೆ ಕಟ್ಟಿ, ಆಮೇಲೆ ಫೈಲ್ ಕಾಪಿ ನಿಧಾನ ಅಂತ ಅಳೋದು. ಫೋನ್ ರೀಸ್ಟಾರ್ಟ್ ಆದ್ರೆ ಪಿಸಿ ನೆಟ್ಟೂ ಹೋಯ್ತು.

ನೆಟ್ ಗಣಪ: ಗಿಗಾಬಿಟ್ ಫೋನ್ ತಗೊಳ್ಳಿ. ನಿಮಗೆ ಕೇಬಲ್ ಎಳೆದಷ್ಟೂ ಬಿಲ್ಲು, ಅದಕ್ಕೇ ಈ ಭಾಷಣ.

ಕ್ರಿಂಪಿಂಗ್ ಕಿಂಗ್: ಬಾಯಿಗ್ ಬಂದಂಗೆ ಮಾತಾಡ್ಬೇಡಿ. ನಾನೊಂದು ಕಡೆ ನೋಡಿದೀನಿ, ನೆಲ ಒರೆಸೋವಾಗ ಪಿಸಿ ಕಡೆ ವೈರ್ ಕಳಚಿ ಬಿದ್ದಿದೆ, ಯಾರೋ ಪುಣ್ಯಾತ್ಮರು ಅದನ್ನ ಎತ್ತಿ ಗೋಡೆ ಸಾಕೆಟ್ಟಿಗೆ ಚುಚ್ಚಿದಾರೆ. ಫೋನಿನ ಎರಡೂ ಪೋರ್ಟ್ ಒಂದೇ ಸ್ವಿಚ್ಚಿಗೆ, ಲೂಪ್, ಡೇಟಾ ಅಲ್ಲಲ್ಲೇ ಸುತ್ತು ಹೊಡೀತಾ ಇರತ್ತೆ. ಇಡೀ ಫ್ಲೋರ್ ಮಲ್ಗಿತ್ತು, ಹುಡ್ಕೋಕೆ ಅರ್ಧ ದಿನ.

ನೆಟ್ ಗಣಪ: ಸ್ವಿಚ್ಚಲ್ಲಿ ಲೂಪ್ ಪ್ರೊಟೆಕ್ಷನ್ ಹಾಕ್ದೆ ಇದ್ದೋರ ತಪ್ಪು ಅದು. ಯಾರ್ ಹಾಕಿದ್ದು ಸ್ವಿಚ್ಚು, ನೀವೇನಾ?

ಡಯಲ್‌ಟೋನ್: ಇಬ್ರೂ ಹೊರಗೆ ಹೋಗಿ ಜಗಳ ಆಡಿ. ಇಬ್ರದ್ದೂ ಅರ್ಧರ್ಧ ಸರಿ ಇದೆ, ಗಿಗಾಬಿಟ್ ಫೋನು ಪ್ಲಸ್ ಲೂಪ್ ಪ್ರೊಟೆಕ್ಷನ್ ಇದ್ರೆ ಒಂದೇ ಕೇಬಲ್ ಸಾಕು.

ಗೋಡೆ ಗಡಿಯಾರ: ಫೋನಲ್ಲಿ ಟೈಮ್ ಐದೂವರೆ ಗಂಟೆ ಹಿಂದೆ ತೋರಿಸ್ತಿದೆ, ಏನ್ ಮಾಡ್ಬೇಕು?

ಆಫೀಸ್ ಹುಡ್ಗ: ಮೇಲೆ ಎಲ್ಲಿ ಬರ್ದಿದೀರಾ ಮೇಡಂ ಸಿಕ್ತಿಲ್ಲ

ಡಯಲ್‌ಟೋನ್: ಪಿಒಇ ಅಂತ ಹುಡ್ಕಿ.

ಸುಮ್ನೆ ಓದೋನು: ಎಲ್ಲರ ಗಮನಕ್ಕೆ, ಫಾರ್ವರ್ಡ್ ಬಂದಿದ್ದು: "ಧ್ವನಿ ಕ್ಲಿಯರ್ ಬರಲು ಜಿ.729 ಬಿಟ್ಟು ಉಳಿದ ಎಲ್ಲಾ ಕೋಡೆಕ್ ಆಫ್ ಮಾಡಿ, ಇಂಟರ್ನೆಟ್ ಉಳಿತಾಯ"

ಡಯಲ್‌ಟೋನ್: ಇಂಥದ್ದನ್ನ ಇಲ್ಲಿಗೆ ತರ್ಬೇಡಿ ಅಂತ ಎಷ್ಟ್ ಸಲ ಹೇಳೋದು. ಕೋಡೆಕ್ ಅಂದ್ರೆ ಧ್ವನಿನ ಡೇಟಾ ಮಾಡೋ ರೀತಿ. ಜಿ.729 ಧ್ವನಿನ ಹಿಂಡಿ 8 ಕೆಬಿಪಿಎಸ್‌ಗೆ ಇಳ್ಸತ್ತೆ, ಹಿಂಡಿದ್ಮೇಲೆ ಕ್ಲಿಯರ್ ಹೆಂಗ್ ಆಗತ್ತೆ? ಆ ಕಡೆ ಇನ್ನೊಂದು ಕೋಡೆಕ್ ಜಿ.711 ಮಾತ್ರ ಇದ್ರೆ ಕಾಲೇ ಕೂಡಲ್ಲ. ಜಿ.711 ಒಂದು ಕಾಲಿಗೆ ಎಲ್ಲಾ ಸೇರಿ ಸುಮಾರು 87 ಕೆಬಿಪಿಎಸ್, 14 ಜನ ಒಟ್ಟಿಗೆ ಮಾತಾಡಿದ್ರೂ ಒಂದೊಂದು ದಿಕ್ಕಿಗೆ 1.2 ಎಂಬಿಪಿಎಸ್ ಆಸುಪಾಸು. ಅದನ್ನ ಉಳ್ಸಿ ಏನ್ ಮಾಡ್ತೀರಾ, ಉಪ್ಪಿನಕಾಯಿ?

ಸುಮ್ನೆ ಓದೋನು: ನಾನೇನ್ ಬರ್ದಿದ್ದಲ್ಲ ಮೇಡಂ, ಬಂದಿದ್ದು ಹಾಕ್ದೆ. ಲೋಗೋ ಬಗ್ಗೆ ಹೇಳ್ಲೇ ಇಲ್ಲ ನೀವು.

ಹೊಸಬ: ಮೇಡಂ ಅಡಾಪ್ಟರ್ ಹಾಕ್ದೆ ಆನ್ ಆಯ್ತು. ಆದ್ರೆ ರಿಸೀವರಲ್ಲಿ ಸದ್ದೇ ಇಲ್ಲ, ಸ್ಪೀಕರಲ್ಲಿ ಬರತ್ತೆ.

ಡಯಲ್‌ಟೋನ್: ಸುರುಳಿ ವೈರನ್ನ ಹೆಡ್‌ಸೆಟ್ ತೂತಿಗೆ ಹಾಕಿದೀರಾ. ಪಕ್ಕದ್ದು.

ಹೊಸಬ: ಹೌದು 🙏

ಮೂಲೆ ಟೇಬಲ್: ಮೇಡಂ ಡಿಎಂಜೆಡ್ ತೆಗ್ದೆ, ಎಎಲ್‌ಜಿ ಆಫ್ ಮಾಡ್ದೆ, ಧ್ವನಿ ಎರಡೂ ಕಡೆ ಬರ್ತಿದೆ. ರಿಜಿಸ್ಟ್ರೇಷನಲ್ಲಿ ಹೊರಗಿನ ಐಪಿ ಯಾವ್ದೂ ಕಾಣ್ಲಿಲ್ಲ, ಇಂಟರ್‌ನ್ಯಾಷನಲ್ ಬಂದ್ ಮಾಡ್ಸಿದೀನಿ.

ಡಯಲ್‌ಟೋನ್: ಪಾಸ್‌ವರ್ಡ್?

ಮೂಲೆ ಟೇಬಲ್: ಅದೇ ಹೇಳೋಣ ಅಂತಿದ್ದೆ... ಎಲ್ಲಾ ಫೋನಿಗೂ ಎಕ್ಸ್‌ಟೆನ್ಷನ್ ನಂಬರೇ ಪಾಸ್‌ವರ್ಡ್ ಇತ್ತು.

ಡಯಲ್‌ಟೋನ್: 201ಕ್ಕೆ 201?

ಮೂಲೆ ಟೇಬಲ್: ಹೂಂ. 13 ಬದಲಾಯಿಸಿದೀನಿ ಮೇಡಂ. ಒಂದು ಬಾಸ್ ರೂಮಲ್ಲಿದೆ, ಅವ್ರು ಬೀಗ ಹಾಕ್ಕೊಂಡು ಹೋಗಿದಾರೆ, ಸೋಮವಾರ ಬರ್ತಾರೆ.

ಡಯಲ್‌ಟೋನ್: ಪಾಸ್‌ವರ್ಡ್ ಎಕ್ಸ್‌ಚೇಂಜಲ್ಲಿ ಬದಲಾಯಿಸಿ, ಈಗಲೇ. ಫೋನ್ ಸೋಮವಾರದ ತನಕ ಸತ್ತಿರ್ಲಿ. ಆ ಬೀಗ ನಿಮ್ಮನ್ನಷ್ಟೇ ತಡೆಯೋದು.