ಪದ ಬೇಕು: ‘ಸೆಕ್ಯೂರ್ ಇ-ವೇಸ್ಟ್ ಡಿಸ್ಪೋಸಲ್’ (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ,

ಒಂದು ಕಂಪನಿಗೆ ಬೋರ್ಡ್ ಅನುವಾದ ಮಾಡುತ್ತಿದ್ದೇನೆ. ಹಳೇ ಲ್ಯಾಪ್‌ಟಾಪ್, ಫೋನ್, ಹಾರ್ಡ್ ಡಿಸ್ಕ್ ಹಾಕುವ ಪೆಟ್ಟಿಗೆ ಮೇಲೆ ಅಂಟಿಸುವಂಥದ್ದು. ಸಂಜೆ ಪ್ರಿಂಟಿಗೆ ಹೋಗಬೇಕು. ಸದ್ಯಕ್ಕೆ ಹೀಗಿದೆ: ‘ಸುರಕ್ಷಿತ ವಿದ್ಯುನ್ಮಾನ ತ್ಯಾಜ್ಯ ವಿಲೇವಾರಿ. ದತ್ತಾಂಶ ಅಳಿಸಿ ಹಾಕಿ.’ ಮೊದಲ ಸಾಲು ನಾಲಿಗೆಗೆ ಹೊರಳುತ್ತಿಲ್ಲ. ಎರಡನೆಯದರಲ್ಲಿ ‘ಅಳಿಸಿ’ ಸಾಕಾ? ಅವರ ಕಡತದಲ್ಲಿ ಕ್ಲಿಯರ್, ಪರ್ಜ್, ಡೆಸ್ಟ್ರಾಯ್ ಅಂತ ಮೂರು ಪದ ಇವೆ.

—

> ವಿದ್ಯುನ್ಮಾನ ತ್ಯಾಜ್ಯ ವಿಲೇವಾರಿ

ಮೂರೂ ಬೇಡ. ‘ಇ-ಕಸ’ ಅನ್ನಿ, ಮುಗಿಯಿತು. ‘ವಿಲೇವಾರಿ’ ಕನ್ನಡದ್ದಲ್ಲ, ಮರಾಠಿಯ ‘ವಿಲ್ಹೇವಾಟ’ ಪಕ್ಕದಲ್ಲಿಟ್ಟು ನೋಡಿ. ‘ಸಾಗಹಾಕು’ ಇದೆ ಅಲ್ವಾ?

‘ಅಳಿಸು’ ಧಾರಾಳವಾಗಿ ಸಾಕು. ಅಳಿ ಅಂದರೆ ಇಲ್ಲವಾಗು, ಸಾಯು. ಅಳಿವು ಉಳಿವು ಅನ್ನುತ್ತೇವೆ. ಅದರ ಪ್ರೇರಣಾರ್ಥಕ ರೂಪ ಅಳಿಸು. ಡೆಸ್ಟ್ರಾಯ್ ಅಂದರೂ ಅದೇ. ಸ್ವಂತ ಬೇರಿನ ಪದ ಇರುವಾಗ ‘ನಾಶ’ಕ್ಕೆ ಕೈಚಾಚುವುದು ಯಾಕೆ?

—

‘ಸಾಗಹಾಕು’ ಖಂಡಿತ ಬೇಡ. ಸಾಗಹಾಕುವುದು ಅಂದರೆ ಕಣ್ಣಿಂದಾಚೆ ದಾಟಿಸುವುದು. ಈ ಸರಕಿನ ಗೋಳೇ ಅದು. ಅಪಾಯಕಾರಿ ಕಸವನ್ನು ಒಂದು ದೇಶದವರು ಇನ್ನೊಂದು ದೇಶಕ್ಕೆ ದಾಟಿಸುತ್ತಿದ್ದರು ಅಂತಲೇ 1989ರಲ್ಲಿ ಬಾಸೆಲ್ ಒಪ್ಪಂದ ಮಾಡಬೇಕಾಯಿತು. ಲೆಕ್ಕಕ್ಕೆ ಸಿಗದೆ ಹೋದ ತಂತಿಗಳನ್ನು ಬಯಲಲ್ಲಿ ಸುಟ್ಟು ತಾಮ್ರ ತೆಗೆಯುತ್ತಾರೆ. ಮೇಲಿನ ಪಿವಿಸಿ ಪ್ಲಾಸ್ಟಿಕ್ ಉರಿದು ಡಯಾಕ್ಸಿನ್ ಅನ್ನುವ ವಿಷ ಬರುತ್ತದೆ. ಸುಡುವವರೇ ಅದನ್ನು ಉಸಿರಾಡುವುದು. ‘ವಿಲೇವಾರಿ’ಯಲ್ಲಿ ಒಂದು ವ್ಯವಸ್ಥೆ ಅನ್ನುವ ಅರ್ಥವಾದರೂ ಇದೆ. ಇರಲಿ.

ಅಳಿಸು ವಿಷಯ. ಧಾತು ಏನೇ ಹೇಳಲಿ, ಇವತ್ತು ಫೋನಿನಲ್ಲಿ ಡಿಲೀಟ್ ಇರುವ ಕಡೆ ‘ಅಳಿಸಿ’ ಅಂತಲೇ ಇದೆ. ಬೋರ್ಡ್ ಓದಿದವರು ಫೈಲ್ ಡಿಲೀಟ್ ಮಾಡಿ ಡಿಸ್ಕನ್ನು ಪೆಟ್ಟಿಗೆಗೆ ಹಾಕುತ್ತಾರೆ. ಆಗ ಸಾಮಾನ್ಯವಾಗಿ ಹೋಗುವುದು ಫೈಲ್ ಎಲ್ಲಿದೆ ಅನ್ನುವ ಗುರುತು ಮಾತ್ರ. ಸಂಬಳದ ಪಟ್ಟಿ, ಗಿರಾಕಿಗಳ ವಿವರ ಡಿಸ್ಕಲ್ಲೇ ಕೂತಿರುತ್ತವೆ.

ಕಡತದ ಆ ಮೂರು ಪದ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್, ಡಿಸ್ಕಿನ ಮಾಹಿತಿ ತೆಗೆಯುವ ಬಗ್ಗೆ ಹೊರಡಿಸಿದ 800-88 ಮಾರ್ಗಸೂಚಿಯವು. ಬೇರೆ ಬೇರೆ ಕೆಲಸ, ಒಂದೇ ಪದಕ್ಕೆ ತುರುಕಬೇಡಿ. ಕ್ಲಿಯರ್ ಅಂದರೆ ಮೇಲೆ ಬೇರೆ ಬರೆದು ಮಾಮೂಲಿ ಸಾಫ್ಟ್‌ವೇರಿಗೆ ಸಿಗದ ಹಾಗೆ ಮಾಡುವುದು: ‘ಒರೆಸು’. ಪರ್ಜ್ ಅಂದರೆ ಲ್ಯಾಬಿನಲ್ಲಿ ಹುಡುಕಿದರೂ ಸಿಗದ ಹಾಗೆ: ‘ಪೂರ್ತಿ ಒರೆಸು’. ಡೆಸ್ಟ್ರಾಯ್‌ನಲ್ಲಿ ಡಿಸ್ಕೇ ಉಳಿಯುವುದಿಲ್ಲ: ‘ಪುಡಿ ಮಾಡು’. ತಿರುಗುವ ಹಳೇ ಡಿಸ್ಕಿಗೆ ಬಲವಾದ ಅಯಸ್ಕಾಂತ ಹಿಡಿದರೆ ಮಾಹಿತಿ ಹೋಗುತ್ತದೆ. ಚಿಪ್ಪಿನಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಗೆ ಅದು ತಾಗುವುದೇ ಇಲ್ಲ, ಅಲ್ಲಿ ಬರೆಯುವುದು ಕಾಂತದಿಂದಲ್ಲ.

—

‘ಕಸ’ ಅಂತ ಬರೆದರೆ ಪೆಟ್ಟಿಗೆಗೆ ಟೀ ಕಪ್ಪು ಬೀಳುತ್ತೆ. ಈ ಸಾಮಾನುಗಳ ಒಳಗಿನ ಸರ್ಕ್ಯೂಟ್ ಬೋರ್ಡುಗಳಲ್ಲಿ ತಾಮ್ರ, ಬೆಳ್ಳಿ, ಚೂರು ಚಿನ್ನ ಇರುತ್ತದೆ. ಅದು ಕಸ ಹೇಗಾಯಿತು? ‘ಇ-ಗುಜರಿ’ ಅನ್ನಿ. ಗುಜರಿ ಅಂದರೆ ಮೂಲದಲ್ಲಿ ಹಾದಿಬದಿಯ ಸಂತೆ. ಬೆಲೆ ಇರುವ ಹಳೇ ವಸ್ತು ಅನ್ನುವ ಅರ್ಥ ಪದದಲ್ಲೇ ಇದೆ.

—

ಗುಜರಿ ಪಾರಸಿ. ಸಂಸ್ಕೃತ ಬಿಟ್ಟು ಪಾರಸಿ ಹಿಡಿದರೆ ಏನು ಸಾಧಿಸಿದ ಹಾಗಾಯಿತು? ಹೀಗೇ ಒಂದೊಂದೇ ಪದ ಬಿಟ್ಟುಕೊಡುತ್ತ ಬಂದಿದ್ದೇವೆ.

—

ಕುರ್ಚಿ, ಮೇಜು, ಕಾಗದ ಎಲ್ಲ ಹೊರಗಿಂದಲೇ ಬಂದವು. ಓದುವಾಗ ಯಾರೂ ತಡವರಿಸುವುದಿಲ್ಲ. ಬೋರ್ಡಿಗೆ ಬೇಕಾದದ್ದು ಅಷ್ಟೇ. ಆದರೆ ‘ಗುಜರಿ’ಯೂ ಬೇಡ. ಸಿಕ್ಕಿದವರಿಗೆ ತೂಕಕ್ಕೆ ಮಾರುವ ಮಾತು ಅದು. ಮಾಹಿತಿ ಸೋರುವುದೇ ಆ ದಾರಿಯಲ್ಲಿ.

—

ಎಲ್ಲರಿಗೂ ವಂದನೆ. ಕೊನೆಗೆ ಇದು: ‘ಹಳೇ ಎಲೆಕ್ಟ್ರಾನಿಕ್ ಸಾಮಾನು ಮಾತ್ರ. ಡಿಸ್ಕ್ ಇಲ್ಲಿ ಹಾಕಬೇಡಿ, ಐಟಿ ವಿಭಾಗಕ್ಕೆ ಕೊಡಿ. ಪುಡಿ ಮಾಡಿಸುತ್ತೇವೆ.’ ಡಿಸ್ಕಿನ ಸೀರಿಯಲ್ ನಂಬರ್ ಹಾಕಿ ಕೊಡುವ ಪ್ರಮಾಣಪತ್ರದಲ್ಲಿ ‘ನಾಶಪಡಿಸಲಾಗಿದೆ’ ಅಂತಲೇ ಉಳಿಸಿಕೊಂಡೆ. ಬ್ಯಾಟರಿ ಪೆಟ್ಟಿಗೆ ಬೇರೆ ಇದೆ. ಉಬ್ಬಿದ ಬ್ಯಾಟರಿಗೆ ‘ಊದಿದ’ ಅನ್ನುವುದೋ ‘ಉಬ್ಬಿದ’ ಅನ್ನುವುದೋ, ಸಂಜೆಯೊಳಗೆ ಹೇಳಿ.